ಮಾರ್ಕ್ಸ್‌ಗೆ ರಿಮೈಂಡರ್ ಕಳಿಸಿದ ಮೂವರು

ಸ್ವಲ್ಪ ಉದ್ದದ ಪೋಸ್ಟ್ ಇದು. ಬಿಡುವಾದಾಗ ಕೂತು ಓದಿ.

ಹೋದ ತಿಂಗಳು ನಮ್ಮ ಕೇರಿಯ ಸ್ಮಶಾನದ ಜಾಗದ ವಿಷಯಕ್ಕೆ ಒಂದು ಕಚೇರಿಗೆ ಹೋಗಿದ್ವಿ. ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: "ಹಿಂದೆ ಅರ್ಜಿ ಕೊಟ್ಟಿದ್ದೀವಿ ಅಂತೀರಲ್ಲ, ದಾಖಲೆ ಏನಿದೆ?" ಅರ್ಜಿ ಕೊಟ್ಟಿದ್ದು ನಿಜ. 90ರ ದಶಕದಲ್ಲಿ ನಮ್ಮ ಸಂಘದವರು ಮೆರವಣಿಗೆ ಹೋಗಿ ಕೊಟ್ಟಿದ್ರು. ಅದರ ಇನ್‌ವರ್ಡ್ ನಂಬರು, ತಾರೀಖು, ಸಹಿ ಹಾಕಿದವರ ಹೆಸರು ಎಲ್ಲವೂ ಸಂಘದ ನಡಾವಳಿ ಪುಸ್ತಕದಲ್ಲಿತ್ತು. ಆ ಪುಸ್ತಕ ಇದ್ದದ್ದು ನಮ್ಮ ಟೈಲರ್ ಅಣ್ಣನ ಅಂಗಡಿಯಲ್ಲಿ, ಕತ್ತರಿಸಿದ ಬಟ್ಟೆ ಇಡುವ ಮರದ ಪೆಟ್ಟಿಗೆಯ ತಳದಲ್ಲಿ. ಹದಿನೈದು ವರ್ಷ ಅವರೇ ನಮ್ಮ ಕಾರ್ಯದರ್ಶಿ. ಓದಿದ್ದು ಏಳನೇ ಕ್ಲಾಸು. ಆದರೆ ಒಂದೇ ಒಂದು ಮೀಟಿಂಗ್ ಬರೆಯದೆ ಬಿಟ್ಟವರಲ್ಲ. ಅವರು ತೀರಿಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ಹಳೇ ಪೇಪರ್ ಜೊತೆ ಆ ಪುಸ್ತಕವೂ ಗುಜರಿಗೆ ಹೋಯ್ತು. ಮನೆಯವರದ್ದು ತಪ್ಪಲ್ಲ. ಕೇಳಿ ಇಸ್ಕೊಂಡು ಬರಬೇಕಾಗಿದ್ದವರು ನಾವು. ನಾನು ದಿನಾ ಫೈಲು ಕಟ್ಟಿ ಹೊಟ್ಟೆ ಹೊರೆಯೋ ಗುಮಾಸ್ತ. ನನಗೇ ಅದು ಹೊಳೆಯಲಿಲ್ಲ.

ಅವತ್ತಿಂದ ತಲೆಯಲ್ಲಿ ಒಂದು ಹಳೇ ಚರಿತ್ರೆ ಓಡ್ತಾ ಇದೆ. ಅದು ಯುರೋಪಿನದ್ದು, 1830ರಿಂದ 1852ರವರೆಗಿನದ್ದು. ಕಮ್ಯುನಿಸ್ಟ್ ಚಳವಳಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಗಡ್ಡದ ಇಬ್ಬರು ಮಹನೀಯರ ಫೋಟೋ. ಆದರೆ ಅವರು ಬರೋಕೆ ಮುಂಚೆಯೇ ಅಲ್ಲೊಂದು ಸಂಘಟನೆ ಇತ್ತು. ಅದನ್ನ ಕಟ್ಟಿದವರು ದರ್ಜಿಗಳು, ಬೂಟು ಹೊಲಿಯುವವರು, ಬಡಗಿಗಳು, ಗಡಿಯಾರದ ಕೆಲಸದವರು, ಪ್ರೆಸ್ಸಿನ ಕಂಪೋಜಿಟರ್‌ಗಳು. ಈ ಪೋಸ್ಟ್ ಅವರ ಬಗ್ಗೆ. ಅದರಲ್ಲೂ ಅವರು ಇಟ್ಟುಕೊಂಡ ಕಾಗದ ಪತ್ರದ ಬಗ್ಗೆ.

*

ಮೊದಲು ಹೆಸರಿನಿಂದ ಶುರು ಮಾಡ್ತೀನಿ. 1834ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಜರ್ಮನ್ ದೇಶಭ್ರಷ್ಟರು ಒಂದು ಗುಪ್ತ ಸಂಘ ಕಟ್ಟಿದರು. ಅದರ ಹೆಸರನ್ನ ಕನ್ನಡಕ್ಕೆ ತಂದರೆ "ಬಹಿಷ್ಕೃತರ ಸಂಘ" ಅಂತಾಗುತ್ತೆ. ಮೊದಲ ಸಲ ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕಂದ್ರೆ ತೊಂಬತ್ತು ವರ್ಷದ ನಂತರ, 1924ರಲ್ಲಿ, ಬಾಬಾಸಾಹೇಬರು ಬೊಂಬಾಯಿಯಲ್ಲಿ ಕಟ್ಟಿದ ಮೊದಲ ಸಂಘದ ಹೆಸರು ಬಹಿಷ್ಕೃತ ಹಿತಕಾರಿಣಿ ಸಭಾ. 1927ರಲ್ಲಿ ಶುರು ಮಾಡಿದ ಪತ್ರಿಕೆ ಬಹಿಷ್ಕೃತ ಭಾರತ.

ಹೆಸರು ಒಂದೇ ಥರ ಇದೆ ಅಂತ ಎರಡೂ ಒಂದೇ ಅಂದುಕೊಳ್ಳಬಾರದು. ಆ ಜರ್ಮನ್ ಪದಕ್ಕೆ "ಕಾನೂನಿನ ರಕ್ಷಣೆಯಿಂದ ಹೊರಗೆ ಹಾಕಲ್ಪಟ್ಟವನು" ಅಂತ ಅರ್ಥ. ಅವರನ್ನ ರಾಜರು ಹೊರಗೆ ಹಾಕಿದ್ದು ಅವರು ಮಾಡಿದ ಕೆಲಸಕ್ಕೆ, ಬರೆದ ಬರಹಕ್ಕೆ. ನಮ್ಮನ್ನ ಹೊರಗಿಟ್ಟಿದ್ದು ಹುಟ್ಟಿದ್ದಕ್ಕೆ. ಅವರಿಗೆ ಕ್ಷಮೆ ಸಿಕ್ಕರೆ ಊರಿಗೆ ವಾಪಸ್ ಹೋಗಬಹುದಿತ್ತು. ನಮ್ಮವರಿಗೆ ಊರಲ್ಲೇ ಇದ್ದೂ ಊರಾಚೆ. ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡೇ ಮುಂದಕ್ಕೆ ಓದೋಣ. ಆದರೂ ಬೈಗುಳವನ್ನೇ ಎತ್ತಿ ಬೋರ್ಡಿಗೆ ಹಾಕಿಕೊಂಡ ಧೈರ್ಯ ಎರಡೂ ಕಡೆ ಇತ್ತು.

ಆ ಸಂಘದಲ್ಲಿ ಒಂದು ದೋಷ ಇತ್ತು. ಮೇಲಿನವರು ಆಜ್ಞೆ ಮಾಡೋರು, ಕೆಳಗಿನವರು ಪಾಲಿಸೋರು. ಮೇಲೆ ಯಾರಿದ್ದಾರೆ ಅಂತ ಕೆಳಗಿನವರಿಗೆ ಗೊತ್ತೇ ಇರ್ತಿರಲಿಲ್ಲ. ಸದಸ್ಯರಲ್ಲಿ ಬಹುಪಾಲು ಕೈಕಸುಬಿನವರು. 1836ರ ಸುಮಾರಿಗೆ ಅವರು ಬೇಸತ್ತು ಹೊರಗೆ ಬಂದು "ನ್ಯಾಯವಂತರ ಸಂಘ" ಅಂತ ಬೇರೆ ಮಾಡಿಕೊಂಡರು. "ಎಲ್ಲ ಮನುಷ್ಯರೂ ಸೋದರರು" ಅನ್ನೋದು ಅವರ ಘೋಷಣೆ.

ಫೋನು ಇಲ್ಲದ, ರೈಲು ಆಗಷ್ಟೇ ಬರ್ತಿದ್ದ ಕಾಲದಲ್ಲಿ ಈ ಜಾಲ ಹರಡಿದ್ದು ಹೇಗೆ? ಜರ್ಮನಿಯಲ್ಲಿ ಒಂದು ಪದ್ಧತಿ ಇತ್ತು. ಕಸುಬು ಕಲಿತ ಹುಡುಗ ಸ್ವಂತ ಅಂಗಡಿ ಇಡೋಕೆ ಮುಂಚೆ ಕೆಲವು ವರ್ಷ ಊರೂರು ತಿರುಗಿ ಬೇರೆ ಬೇರೆ ಯಜಮಾನರ ಹತ್ತಿರ ಕೂಲಿ ಕೆಲಸ ಮಾಡಬೇಕು. ನಡೆದೇ ಹೋಗೋರು. ಊರೂರಲ್ಲಿ ಅವರಿಗೆ ಅಂತಲೇ ತಂಗುವ ಛತ್ರಗಳಿದ್ದವು. ಕೈಯಲ್ಲೊಂದು ಪ್ರಯಾಣದ ಪುಸ್ತಕ, ಅದಕ್ಕೆ ಪೊಲೀಸರ ಮೊಹರು. ಹೀಗೆ ನಡೆದುಕೊಂಡು ಪ್ಯಾರಿಸ್, ಜ್ಯೂರಿಕ್, ಬ್ರಸೆಲ್ಸ್, ಲಂಡನ್ ತಲುಪಿದ ಹುಡುಗರ ಜೋಳಿಗೆಯಲ್ಲಿ ಸೂಜಿ ಕತ್ತರಿ ಜೊತೆ ಪತ್ರಗಳೂ ಕರಪತ್ರಗಳೂ ಹೋಗ್ತಿದ್ದವು. ಅಪಾಯ ಏನು ಅಂತ ರಾಜರಿಗೂ ಗೊತ್ತಾಯ್ತು. ಕಾರ್ಮಿಕರ ಸಂಘಗಳನ್ನ ಸಹಿಸುವ ದೇಶಗಳಿಗೆ ಈ ಹುಡುಗರು ಹೋಗಬಾರದು ಅಂತ 1835ರಲ್ಲಿ ಜರ್ಮನ್ ರಾಜ್ಯಗಳ ಒಕ್ಕೂಟ ಆದೇಶ ಹೊರಡಿಸಿತು. ಹುಡುಗರು ಹೋಗೋದು ನಿಲ್ಲಲಿಲ್ಲ.

ಇಲ್ಲಿ ಇನ್ನೊಂದು ಮಾತು. ಅಲ್ಲಿ ಬೂಟು ಹೊಲಿಯುವವನು ಬಡವನೇ. ಆದರೆ ಅವನು ಛತ್ರದೊಳಗೆ ಹೋಗಿ ಬಡಗಿ ಪಕ್ಕ ಕೂತು ಊಟ ಮಾಡಬಹುದಿತ್ತು, ದರ್ಜಿ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಬಹುದಿತ್ತು. ಸಂಘಟನೆ ಹುಟ್ಟಿದ್ದೇ ಆ ಊಟದ ಮೇಜಿನಲ್ಲಿ. ನಮ್ಮಲ್ಲಿ ಚರ್ಮದ ಕೆಲಸದವನಿಗೆ ಆ ಮೇಜು ಇರಲಿಲ್ಲ. ಇಲ್ಲಿ ಕೆಲಸಗಾರರು ಯಾಕೆ ತಾವಾಗಿ ಒಂದಾಗಲಿಲ್ಲ ಅಂತ ಕೇಳುವ ಗೆಳೆಯರು ಈ ಮೇಜಿನ ವಿಷಯ ಮರೀಬಾರದು. ಜಾತಿ ಅನ್ನೋದು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆ ಅಂತ ಬಾಬಾಸಾಹೇಬರು 1936ರಲ್ಲೇ ಎಚ್ಚರಿಸಿದ್ದರು.

*

1839ರ ಮೇ 12ರಂದು ಪ್ಯಾರಿಸ್ಸಿನಲ್ಲಿ ಬ್ಲಾಂಕಿ ಅನ್ನೋ ಕ್ರಾಂತಿಕಾರಿಯ ಗುಪ್ತ ಸಂಘ ದಂಗೆ ಎದ್ದು ಸೋತಿತು. ನ್ಯಾಯವಂತರ ಸಂಘದ ಕೆಲವರೂ ಅದರ ಜೊತೆಗಿದ್ದರು ಅಂತ ಹಿಡಿದು ಜೈಲಿಗೆ ಹಾಕಿ, ಆಮೇಲೆ ದೇಶದಿಂದಲೇ ಓಡಿಸಿದರು. ಹಾಗೆ ಲಂಡನ್ನಿಗೆ ಬಂದವರಲ್ಲಿ ಇಬ್ಬರು ಮುಖ್ಯ. ಒಬ್ಬ ಕಾರ್ಲ್ ಶಾಪರ್. ಅರಣ್ಯಶಾಸ್ತ್ರ ಓದೋಕೆ ಹೋಗಿ, ಚಳವಳಿಗೆ ಬಿದ್ದು, ಕೊನೆಗೆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಬದುಕಿದವನು. ಇನ್ನೊಬ್ಬ ಹೈನ್ರಿಖ್ ಬಾವರ್, ಬೂಟು ಹೊಲಿಯುವವನು. ಇವರ ಜೊತೆ ಸೇರಿದವನು ಕಲೋನ್ ನಗರದ ಯೋಸೆಫ್ ಮೋಲ್, ಗಡಿಯಾರದ ಕೆಲಸದವನು.

ದಂಗೆಯಲ್ಲಿ ಸೋತು ಬಂದ ಇವರು ಲಂಡನ್ನಿನಲ್ಲಿ ಮೊದಲು ಮಾಡಿದ್ದೇನು? ಬಂದೂಕು ಹುಡುಕಲಿಲ್ಲ. 1840ರ ಫೆಬ್ರವರಿ 7ರಂದು ಏಳು ಜನ ಸೇರಿ ಜರ್ಮನ್ ಕಾರ್ಮಿಕರ ಶಿಕ್ಷಣ ಸಂಘ ಶುರು ಮಾಡಿದರು. ವಾರಕ್ಕೊಂದು ಚರ್ಚೆ, ಒಂದು ಹಾಡಿನ ದಿನ, ಇಂಗ್ಲಿಷ್ ಪಾಠ, ಭೂಗೋಳ, ಚರಿತ್ರೆ, ಡ್ರಾಯಿಂಗು, ಒಂದು ಲೈಬ್ರರಿ. ದಿನವಿಡೀ ಬಗ್ಗಿ ಹೊಲಿದ ಬೆನ್ನು ರಾತ್ರಿ ಬೆಂಚಿನ ಮೇಲೆ ಕೂತು ಪಾಠ ಕೇಳ್ತಿತ್ತು. ಜರ್ಮನ್ನರ ಜೊತೆಗೆ ಸ್ಕ್ಯಾಂಡಿನೇವಿಯಾ, ಹಾಲೆಂಡ್, ಹಂಗೆರಿ ಕಡೆಯವರೂ ಬಂದರು. ಎಲ್ಲ ಮನುಷ್ಯರೂ ಸೋದರರು ಅನ್ನೋ ಮಾತು ಸದಸ್ಯತ್ವದ ಕಾರ್ಡಿನಲ್ಲಿ ಇಪ್ಪತ್ತು ಭಾಷೆಯಲ್ಲಿ ಅಚ್ಚಾಗಿತ್ತು, ಅಲ್ಲಲ್ಲಿ ತಪ್ಪುಗಳೂ ಇದ್ದವು ಅಂತ ಮುಂದೆ ಎಂಗೆಲ್ಸ್ ನೆನಪಿಸಿಕೊಂಡಿದ್ದಾನೆ. ಆ ತಪ್ಪುಗಳೇ ನನಗೆ ಇಷ್ಟ. ಇಪ್ಪತ್ತು ಭಾಷೆ ಸರಿಯಾಗಿ ಬರಲಿ, ಆಮೇಲೆ ಅಚ್ಚು ಹಾಕಿಸೋಣ ಅಂತ ಅವರು ಕಾಯಲಿಲ್ಲ ನೋಡಿ. ಈ ಸಂಘ ಮೊದಲ ಮಹಾಯುದ್ಧದ ಕಾಲದವರೆಗೂ ಬದುಕಿತ್ತು. ಕಮ್ಯುನಿಸ್ಟ್ ಕೂಟ ಮುಚ್ಚಿದ ಮೇಲೂ ಅರವತ್ತು ವರ್ಷಕ್ಕೂ ಹೆಚ್ಚು!

ಹೊರಗೆ ಬಹಿರಂಗವಾಗಿ ಪಾಠಶಾಲೆ, ಒಳಗೆ ಗುಪ್ತವಾಗಿ ನ್ಯಾಯವಂತರ ಸಂಘ. ಪಾಠಕ್ಕೆ ಬಂದವರಲ್ಲಿ ಗಟ್ಟಿ ಆಳುಗಳನ್ನ ನೋಡಿ ಒಳಗೆ ಸೇರಿಸಿಕೊಳ್ಳೋರು. 1843ರಲ್ಲಿ ಎಂಗೆಲ್ಸ್ ಲಂಡನ್ನಿನಲ್ಲಿ ಈ ಮೂವರನ್ನ ಭೇಟಿಯಾದ. ತಾನು ಕಂಡ ಮೊದಲ ಕಾರ್ಮಿಕ ಕ್ರಾಂತಿಕಾರಿಗಳು ಇವರೇ ಅಂತ ಮುದಿ ವಯಸ್ಸಿನಲ್ಲಿ ಬರೆದ. ಮಿಲ್ ಮಾಲೀಕನ ಮಗ ಎಂಗೆಲ್ಸ್‌ಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷ.

*

ಈಗ ಟೈಲರ್ ವಿಷಯಕ್ಕೆ ಬರ್ತೀನಿ. ವಿಲ್ಹೆಲ್ಮ್ ವೈಟ್ಲಿಂಗ್, ಹುಟ್ಟಿದ್ದು 1808ರಲ್ಲಿ, ಮಾಗ್ಡೆಬರ್ಗ್ ಊರಲ್ಲಿ. ತಾಯಿ ಮನೆಗೆಲಸದ ಹೆಣ್ಣುಮಗಳು. ತಂದೆ ಒಬ್ಬ ಫ್ರೆಂಚ್ ಸೈನ್ಯಾಧಿಕಾರಿ, ಮದುವೆ ಆಗಲಿಲ್ಲ. ದರ್ಜಿ ಕೆಲಸ ಕಲಿತು ಊರೂರು ತಿರುಗಿ ಪ್ಯಾರಿಸ್ ಸೇರಿದ. ನ್ಯಾಯವಂತರ ಸಂಘ ತನ್ನ ಮೊದಲ ತಾತ್ವಿಕ ಪುಸ್ತಕ ಬರೆಯೋಕೆ ಹೇಳಿದ್ದು ಇವನಿಗೆ. 1842ರಲ್ಲಿ ಇನ್ನೊಂದು ದೊಡ್ಡ ಪುಸ್ತಕ ಬರೆದ. ಜರ್ಮನ್ ಕಾರ್ಮಿಕನ ಮೊದಲ ಬರವಣಿಗೆಯೇ ಎಷ್ಟು ಭವ್ಯವಾಗಿದೆ ನೋಡಿ ಅಂತ 1844ರಲ್ಲಿ ಹೊಗಳಿದವನು ಬೇರೆ ಯಾರೂ ಅಲ್ಲ, ಮಾರ್ಕ್ಸ್.

1843ರಲ್ಲಿ ಜ್ಯೂರಿಕ್ ಪೊಲೀಸರು ವೈಟ್ಲಿಂಗನನ್ನ ಹಿಡಿದು ಅವನ ಕಾಗದ ಪತ್ರ ಎಲ್ಲ ಜಪ್ತಿ ಮಾಡಿದರು. ಎಷ್ಟು ಭಯಂಕರ ಪಿತೂರಿ ನಡೀತಿದೆ ಅಂತ ಜನಕ್ಕೆ ತೋರಿಸೋಕೆ ಸರ್ಕಾರವೇ ಆ ಪತ್ರಗಳನ್ನ ವರದಿ ಮಾಡಿ ಅಚ್ಚು ಹಾಕಿಸಿತು. ಬರೆದವನು ಬ್ಲುಂಟ್‌ಶ್ಲಿ ಅನ್ನೋ ಕಾನೂನು ಪಂಡಿತ. ಜನ ಹೆದರೋ ಬದಲು ಕಮ್ಯುನಿಸಂ ಅಂದ್ರೆ ಏನು ಅಂತ ಅದೇ ವರದಿ ಓದಿ ತಿಳ್ಕೊಂಡರು! ಸರ್ಕಾರಿ ಖರ್ಚಿನಲ್ಲಿ ಪ್ರಚಾರ.

ಆದರೆ ಇದೇ ದರ್ಜಿಗೂ ಮಾರ್ಕ್ಸ್‌ಗೂ 1846ರ ಮಾರ್ಚ್ 30ರಂದು ಬ್ರಸೆಲ್ಸ್‌ನಲ್ಲಿ ದೊಡ್ಡ ಜಗಳ ಆಯ್ತು. ಅಲ್ಲಿದ್ದ ಅನ್ನೆನ್‌ಕೋವ್ ಅನ್ನೋ ರಷ್ಯನ್ ಲೇಖಕ ಅದನ್ನ ಬರೆದಿಟ್ಟಿದ್ದಾನೆ. ಒಂದು ಚಿಕ್ಕ ಹಸಿರು ಮೇಜಿನ ಸುತ್ತ ಎಲ್ಲ ಕೂತಿದ್ರು. ಮಾರ್ಕ್ಸ್‌ಗೆ 27, ವೈಟ್ಲಿಂಗ್‌ಗೆ 37. ಇಷ್ಟು ಗದ್ದಲ ಎಬ್ಬಿಸಿದ್ದೀಯಲ್ಲ, ಕೂಲಿಕಾರರನ್ನ ಯಾವ ಸಿದ್ಧಾಂತದ ಮೇಲೆ ಕರೀತಿದ್ದೀಯ ಹೇಳು ಅಂತ ಮಾರ್ಕ್ಸ್ ನೇರವಾಗಿ ಕೇಳಿದ. ವೈಟ್ಲಿಂಗ್ ತಡವರಿಸಿದ. ಕೊನೆಗೆ, ನನಗೆ ನೂರಾರು ಜನ ಕೃತಜ್ಞತೆಯ ಪತ್ರ ಬರೆದಿದ್ದಾರೆ, ನರಳುವ ಜನರಿಂದ ದೂರ ಕೂತು ಮಾಡುವ ವಿಮರ್ಶೆಗಿಂತ ನನ್ನ ಸಣ್ಣ ಕೆಲಸ ಮೇಲು ಅನ್ನೋ ಅರ್ಥದಲ್ಲಿ ಮಾತಾಡಿದ. ಮಾರ್ಕ್ಸ್ ಸಿಟ್ಟಿನಿಂದ ಮೇಜು ಗುದ್ದಿದ ಏಟಿಗೆ ದೀಪ ಅಲ್ಲಾಡಿತು. ಅಜ್ಞಾನದಿಂದ ಇವತ್ತಿನವರೆಗೆ ಯಾರಿಗೂ ಒಳ್ಳೇದಾಗಿಲ್ಲ ಅಂತ ಕೂಗಿದ.

ಈ ದೃಶ್ಯ ಓದಿದಾಗ ನನಗೆ ಎರಡು ಥರ ಅನ್ನಿಸುತ್ತೆ. ಒಂದು ಕಡೆ ಮೈ ಉರಿಯುತ್ತೆ. ಡಿಗ್ರಿ ಇದ್ದವರು, ಭಾಷೆ ಇದ್ದವರು, ಮನೆಗೆಲಸದವಳ ಮಗನಿಗೆ "ನಿನ್ನ ಸಿದ್ಧಾಂತ ಏನು" ಅಂತ ಗುಡುಗೋದು ನಮಗೆ ಹೊಸದೇ? ಎಷ್ಟು ಮೀಟಿಂಗಲ್ಲಿ ನೋಡಿಲ್ಲ? ಇನ್ನೊಂದು ಕಡೆ, ಮಾರ್ಕ್ಸ್ ಕೇಳಿದ ಪ್ರಶ್ನೆ ತಪ್ಪು ಅಂತ ಹೇಳೋಕೂ ನನಗೆ ಆಗಲ್ಲ. ವೈಟ್ಲಿಂಗ್ ಬರಬರುತ್ತಾ ತನ್ನನ್ನೇ ಪ್ರವಾದಿ ಅಂದುಕೊಳ್ಳೋಕೆ ಶುರು ಮಾಡಿದ್ದ. ಹೊಟ್ಟೆ ಉರಿ ಇದ್ದ ಮಾತ್ರಕ್ಕೆ ದಾರಿ ಗೊತ್ತಿರುತ್ತೆ ಅಂತಿಲ್ಲ. ಪ್ರಶ್ನೆ ಸರಿ, ಮೇಜು ಗುದ್ದಿದ್ದು ಸರಿಯಲ್ಲ. ನನ್ನ ಲೆಕ್ಕ ಇಷ್ಟೇ.

*

ಆ ಹೊತ್ತಿಗೆ ಮಾರ್ಕ್ಸ್, ಎಂಗೆಲ್ಸ್ ಮತ್ತು ಬೆಲ್ಜಿಯಂನ ಫಿಲಿಪ್ ಜಿಗೊ ಸೇರಿ ಬ್ರಸೆಲ್ಸ್‌ನಲ್ಲಿ ಕಮ್ಯುನಿಸ್ಟ್ ಪತ್ರ ವ್ಯವಹಾರ ಸಮಿತಿ ಶುರು ಮಾಡಿದ್ದರು. ಹೆಸರೇ ಪತ್ರ ವ್ಯವಹಾರ. ಬೇರೆ ಬೇರೆ ದೇಶದಲ್ಲಿರುವ ಸಮಾಜವಾದಿಗಳು ಪತ್ರ ಬರೆದುಕೊಂಡು ಸಂಪರ್ಕದಲ್ಲಿರಬೇಕು ಅನ್ನೋದೇ ಉದ್ದೇಶ. ಜಿಗೊ ಹಳೇ ದಾಖಲೆಗಳ ಪತ್ರಾಗಾರದ ಕೆಲಸದವನು, ಅಂದ್ರೆ ನಮ್ಮ ಪೈಕಿ! 1846ರ ಮೇ 5ರಂದು ಫ್ರಾನ್ಸಿನ ಪ್ರೂಧೋನ್‌ಗೆ ಹೋದ ಪ್ರಸಿದ್ಧ ಪತ್ರವನ್ನ ಕೈಯಾರೆ ಬರೆದವನು ಜಿಗೊ, ಸಹಿ ಮಾರ್ಕ್ಸ್‌ದು. ಮಾರ್ಕ್ಸ್‌ನ ಅಕ್ಷರ ಅಷ್ಟು ಕೆಟ್ಟದಾಗಿತ್ತು. 1862ರಲ್ಲಿ ಸಾಲ ತಾಳಲಾರದೆ ಲಂಡನ್ನಿನ ರೈಲ್ವೆ ಆಫೀಸಿನಲ್ಲಿ ಕೆಲಸಕ್ಕೆ ಹೋದಾಗ ಅಕ್ಷರ ಸರಿಯಿಲ್ಲ ಅಂತಲೇ ಸಿಗಲಿಲ್ಲ. ಗುಮಾಸ್ತಿಕೆ ಅಂದ್ರೆ ಹಗುರ ಅಂದುಕೊಂಡವರು ಇದನ್ನ ನೆನಪಿಟ್ಟುಕೊಳ್ಳಿ.

ಪ್ರೂಧೋನ್ ಸೇರೋಕೆ ಒಪ್ಪಲಿಲ್ಲ. ಹೊಸ ಧರ್ಮ, ಹೊಸ ಅಸಹಿಷ್ಣುತೆ ಕಟ್ಟೋದು ಬೇಡ ಅಂತ ಎಚ್ಚರಿಸಿ ಮರುಪತ್ರ ಬರೆದ. ಲಂಡನ್ನಿನ ಕಸುಬುದಾರರಿಗೂ ಬ್ರಸೆಲ್ಸ್‌ನ ಓದಿದವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ತಮ್ಮೊಳಗೆ ತಿಂಗಳುಗಟ್ಟಲೆ ಚರ್ಚೆ ಮಾಡಿದರು. ದರ್ಜಿಯ ಕನಸು ಸಾಲದು, ವಿಚಾರ ಗಟ್ಟಿಯಾಗಬೇಕು ಅಂತ ಅವರಿಗೇ ಅನ್ನಿಸಿತು. 1847ರ ಜನವರಿ 20ರ ತಾರೀಖಿನ ಒಂದು ಅಧಿಕಾರ ಪತ್ರ ಬರೆದು ಮೋಲ್‌ನ ಕೈಗೆ ಕೊಟ್ಟು ಕಳಿಸಿದರು. ಗಡಿಯಾರದ ಕೆಲಸದವನು ಬ್ರಸೆಲ್ಸ್‌ಗೆ ಹೋಗಿ ಮಾರ್ಕ್ಸ್‌ನನ್ನ, ಪ್ಯಾರಿಸ್‌ಗೆ ಹೋಗಿ ಎಂಗೆಲ್ಸ್‌ನನ್ನ ಕಂಡು, ನಮ್ಮ ಸಂಘಕ್ಕೆ ಬನ್ನಿ ಅಂತ ಕರೆದ.

ಇಲ್ಲಿ ಗಮನಿಸಿ. ಮಾರ್ಕ್ಸ್ ಕಾರ್ಮಿಕರನ್ನ ಸಂಘಟಿಸೋಕೆ ಬಂದ ಅಂತ ನಾವು ಹೇಳ್ತೀವಿ. ನಡೆದದ್ದು ತಿರುವುಮುರುವು. ಸಂಘಟನೆ ಆಗಲೇ ಇತ್ತು. ಅದು ಮಾರ್ಕ್ಸ್‌ನನ್ನ ಸೇರಿಸಿಕೊಂಡಿತು.

1847ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಮೊದಲ ಸಮ್ಮೇಳನ. ದುಡ್ಡಿಲ್ಲದೆ ಮಾರ್ಕ್ಸ್ ಬರಲಾಗಲಿಲ್ಲ. ಎಂಗೆಲ್ಸ್ ಬಂದ. ಹೆಸರು ಕಮ್ಯುನಿಸ್ಟ್ ಕೂಟ ಅಂತ ಬದಲಾಯ್ತು. ಸೋದರರ ಘೋಷಣೆ ಹೋಗಿ, ಎಲ್ಲ ದೇಶದ ಕಾರ್ಮಿಕರು ಒಂದಾಗಬೇಕು ಅನ್ನೋ ಘೋಷಣೆ ಬಂತು. ಡಿಸೆಂಬರ್‌ನಲ್ಲಿ ಮುಗಿದ ಎರಡನೇ ಸಮ್ಮೇಳನದಲ್ಲಿ ನಿಯಮಾವಳಿ ಪಾಸಾಯ್ತು. ನಾನು ಗುಮಾಸ್ತ ಆದ್ದರಿಂದ ಮ್ಯಾನಿಫೆಸ್ಟೋಗಿಂತ ಮೊದಲು ಈ ನಿಯಮಾವಳಿ ಓದಿದೆ. ಕೇಳಿ:

ಒಂದು ಘಟಕದಲ್ಲಿ ಕನಿಷ್ಠ 3, ಹೆಚ್ಚೆಂದರೆ 20 ಜನ. ಎರಡರಿಂದ ಹತ್ತು ಘಟಕ ಸೇರಿ ಒಂದು ವಲಯ. ಎಲ್ಲಕ್ಕೂ ಮೇಲೆ ಕೇಂದ್ರ ಸಮಿತಿ, ಅದರಲ್ಲಿ ಕನಿಷ್ಠ 5 ಜನ. ವಲಯ ಮತ್ತು ಕೇಂದ್ರ ಸಮಿತಿಯವರ ಅವಧಿ ಒಂದು ವರ್ಷ. ಆರಿಸಿದವರು ಯಾವಾಗ ಬೇಕಾದರೂ ಇಳಿಸಬಹುದು. ಕೆಳಗಿನಿಂದ ಮೇಲಕ್ಕೆ ಎರಡು ಮೂರು ತಿಂಗಳಿಗೊಮ್ಮೆ ವರದಿ ಹೋಗಬೇಕು, ಮೇಲಿನಿಂದಲೂ ಕೆಳಕ್ಕೆ ವರದಿ ಬರಬೇಕು. ವಂತಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ಸ್ಥಳೀಯರಿಗೆ. ಆ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಅನ್ನೋ ಪಟ್ಟಿಯಲ್ಲಿ ಮೊದಲ ಬಾಬ್ತು ಪತ್ರ ವ್ಯವಹಾರ ಮತ್ತು ಕಚೇರಿ ಖರ್ಚು. ಎರಡನೇದು ಕರಪತ್ರ. ಮೂರನೇದು ಊರೂರಿಗೆ ಆಳು ಕಳಿಸೋದು.

1834ರ ಬಹಿಷ್ಕೃತರ ಸಂಘದಲ್ಲಿ ಮೇಲೆ ಯಾರಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ಮೇಲಿನವರನ್ನ ಇಳಿಸುವ ಹಕ್ಕು ಬರಹದಲ್ಲಿ ಬಂತು. ನನ್ನ ದೃಷ್ಟಿಯಲ್ಲಿ ಆ ಕಸುಬುದಾರರ ದೊಡ್ಡ ಸಾಧನೆ ಇದು.

ಈಗ ತಲೆಬರಹದ ವಿಷಯ. ಮ್ಯಾನಿಫೆಸ್ಟೋ ಬರೆಯುವ ಜವಾಬ್ದಾರಿ ಮಾರ್ಕ್ಸ್ ಎಂಗೆಲ್ಸ್‌ಗೆ ಕೊಟ್ಟು ಕಳಿಸಿದ್ದರು. ಡಿಸೆಂಬರ್ ಹೋಯ್ತು, ಜನವರಿ ಮುಗೀತಾ ಬಂತು, ಬರಹ ಬರಲಿಲ್ಲ. 1848ರ ಜನವರಿ ಕೊನೆಯ ವಾರ ಲಂಡನ್ ಕೇಂದ್ರ ಸಮಿತಿ ಠರಾವು ಮಾಡಿ ಬ್ರಸೆಲ್ಸ್‌ಗೆ ಪತ್ರ ಕಳಿಸಿತು. ಫೆಬ್ರವರಿ 1ರೊಳಗೆ ಮ್ಯಾನಿಫೆಸ್ಟೋ ಲಂಡನ್ ತಲುಪದಿದ್ದರೆ ಮಾರ್ಕ್ಸ್ ಮೇಲೆ ಮುಂದಿನ ಕ್ರಮ, ಬರೆಯದಿದ್ದರೆ ಕೊಟ್ಟ ಕಾಗದ ಪತ್ರ ವಾಪಸ್ ಕಳಿಸಬೇಕು ಅನ್ನೋದು ಅದರ ಸಾರಾಂಶ. ಕೆಳಗೆ ಮೂರು ಸಹಿ: ಶಾಪರ್, ಬಾವರ್, ಮೋಲ್. ಒಬ್ಬ ಕಂಪೋಜಿಟರ್, ಒಬ್ಬ ಬೂಟು ಹೊಲಿಯುವವನು, ಒಬ್ಬ ಗಡಿಯಾರದವನು. ನಮ್ಮ ಕಚೇರಿ ಭಾಷೆಯಲ್ಲಿ ಇದು ಖಡಕ್ ರಿಮೈಂಡರು!

ಬರಹ ಬಂತು. ಅದರ ಕರಡಿನಲ್ಲಿ ಇವತ್ತಿಗೆ ಉಳಿದಿರೋದು ಒಂದೇ ಒಂದು ಹಾಳೆ. ಆ ಹಾಳೆಯ ಮೊದಲ ಎರಡು ಸಾಲು ಜೆನ್ನಿ ಮಾರ್ಕ್ಸ್‌ಳ ಅಕ್ಷರದಲ್ಲಿದೆ. ಹಸ್ತಪ್ರತಿಯನ್ನ ಪ್ರೆಸ್ಸಿಗೆ ಹೊತ್ತುಕೊಂಡು ಹೋಗಿದ್ದು, ಪ್ರೂಫನ್ನ ಶಾಪರ್ ಹತ್ತಿರ ತಂದುಕೊಟ್ಟಿದ್ದು ಫ್ರೆಡ್ರಿಕ್ ಲೆಸ್ನರ್ ಅನ್ನೋ ಇಪ್ಪತ್ಮೂರರ ಆಸುಪಾಸಿನ ಹುಡುಗ. ಅವನೂ ದರ್ಜಿಯೇ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ 46ನೇ ನಂಬರಿನ ಪ್ರೆಸ್ಸಿನಲ್ಲಿ ಫೆಬ್ರವರಿಯಲ್ಲಿ 23 ಪುಟದ ಪುಸ್ತಕ ಅಚ್ಚಾಯ್ತು. ಮೇಲೆ ಬರೆದವರ ಹೆಸರೇ ಇರಲಿಲ್ಲ. ಅದು ಸಂಘದ ಪುಸ್ತಕ. ಅದೇ ತಿಂಗಳ ಕೊನೆಗೆ ಪ್ಯಾರಿಸ್ಸಿನಲ್ಲಿ ಕ್ರಾಂತಿ ಎದ್ದು ರಾಜ ಸಿಂಹಾಸನ ಬಿಟ್ಟು ಓಡಿದ.

*

ಕ್ರಾಂತಿ ಸೋತಿತು. ಮೋಲ್ 1849ರ ಜೂನ್‌ನಲ್ಲಿ ಬಾಡೆನ್ ಪ್ರಾಂತ್ಯದ ಯುದ್ಧದಲ್ಲಿ ಗುಂಡು ತಿಂದು ಸತ್ತ. 1850ರಲ್ಲಿ ಲಂಡನ್ನಿನಲ್ಲಿ ಕೂಟ ಒಡೆದು ಎರಡಾಯ್ತು, ಶಾಪರ್ ಮಾರ್ಕ್ಸ್‌ನ ಎದುರು ಬಣದಲ್ಲಿ ನಿಂತ. 1851ರ ಮೇನಲ್ಲಿ ನೋಟ್‌ಯುಂಗ್ ಅನ್ನೋ ದರ್ಜಿ ಲೈಪ್‌ಜಿಗ್‌ನಲ್ಲಿ ಪೊಲೀಸರ ಕೈಗೆ ಸಿಕ್ಕ, ಜೊತೆಗಿದ್ದ ಕಾಗದಗಳೂ ಸಿಕ್ಕವು. ಅದರಿಂದ ಒಬ್ಬೊಬ್ಬರನ್ನೇ ಹಿಡಿದರು. ಹೌದು, ಕಾಗದ ನಮ್ಮನ್ನ ಉಳಿಸುತ್ತೆ, ಹಿಡಿದೂ ಕೊಡುತ್ತೆ.

1852ರ ಅಕ್ಟೋಬರ್ 4ರಿಂದ ನವೆಂಬರ್ 12ರವರೆಗೆ ಕಲೋನ್‌ನಲ್ಲಿ ವಿಚಾರಣೆ. ಕಟಕಟೆಯಲ್ಲಿ ಹನ್ನೊಂದು ಜನ: ದರ್ಜಿಗಳು, ಸಿಗಾರ್ ಕೆಲಸದವನು, ಡಾಕ್ಟರುಗಳು, ಗುಮಾಸ್ತರು. ಸಾಕ್ಷಿ ಸಾಲದೆ ಹೋದಾಗ ಪ್ರಷ್ಯಾದ ಪೊಲೀಸ್ ಅಧಿಕಾರಿ ಸ್ಟೀಬರ್ ಒಂದು ಪುಸ್ತಕ ತಂದು ಇಟ್ಟ. ಅದು ಏನು ಗೊತ್ತಾ? ಲಂಡನ್ನಿನಲ್ಲಿ ಮಾರ್ಕ್ಸ್ ಗುಂಪು ನಡೆಸಿದ ಗುಪ್ತ ಸಭೆಗಳ ನಡಾವಳಿ ಪುಸ್ತಕ! ಪೂರ್ತಿ ಖೋಟಾ. ಪೊಲೀಸರ ಏಜೆಂಟನೊಬ್ಬ ಕೂತು ಬರೆದದ್ದು. ನಡಾವಳಿ ಬರೆದವರು ಅಂತ ತೋರಿಸಿದ್ದ ಇಬ್ಬರಲ್ಲಿ ಒಬ್ಬನಿಗೆ ಬರವಣಿಗೆಯೇ ಅಷ್ಟಾಗಿ ಬರ್ತಿರಲಿಲ್ಲ. ಸಭೆ ಗುರುವಾರದಿಂದ ಬುಧವಾರಕ್ಕೆ ಬದಲಾಗಿದ್ದೂ ಆ ಏಜೆಂಟನಿಗೆ ತಿಳಿದಿರಲಿಲ್ಲ, ಪುಸ್ತಕದಲ್ಲಿ ಗುರುವಾರವೇ ನಡೀತಿತ್ತು.

ಇದನ್ನ ಬಯಲು ಮಾಡೋಕೆ ಮಾರ್ಕ್ಸ್‌ನ ಎರಡು ಕೋಣೆಯ ಮನೆಯೇ ಆಫೀಸಾಯ್ತು ಅಂತ ಜೆನ್ನಿ ಒಬ್ಬ ಗೆಳೆಯನಿಗೆ ಬರೆದಿದ್ದಾಳೆ. ಇಬ್ಬರು ಮೂವರು ಕೂತು ಬರೆಯೋರು, ಕೆಲವರು ಓಡಾಡೋರು, ಇನ್ನು ಕೆಲವರು ಚಿಲ್ಲರೆ ಕಾಸು ಹೊಂದಿಸೋರು. ನಿಜವಾದ ಕೈಬರಹದ ಮಾದರಿಗಳನ್ನ ಲಂಡನ್ನಿನಲ್ಲಿ ದೃಢೀಕರಿಸಿ ಕಲೋನ್‌ಗೆ ಕಳಿಸಿದರು. ಖೋಟಾ ಪುಸ್ತಕ ಬಿದ್ದುಹೋಯ್ತು. ಆದರೂ ಏಳು ಜನಕ್ಕೆ ಮೂರರಿಂದ ಆರು ವರ್ಷ ಶಿಕ್ಷೆಯಾಯ್ತು. ಪ್ರೂಫ್ ಹೊತ್ತ ಲೆಸ್ನರ್‌ಗೆ ಮೂರು ವರ್ಷ. ನವೆಂಬರ್ 17ರಂದು ಲಂಡನ್ನಿನಲ್ಲಿ ಕೂಟ ವಿಸರ್ಜನೆ ಆಯ್ತು.

ಆಮೇಲೆ ಪೊಲೀಸರು ಎರಡು ಸಂಪುಟದ ಪುಸ್ತಕ ತಂದರು. ಎರಡನೇ ಸಂಪುಟದ ತುಂಬ ಹೆಸರುಗಳ ಪಟ್ಟಿ, ಯಾರ ಮೇಲೆ ಕಣ್ಣಿಡಬೇಕು ಅಂತ. ಎಷ್ಟೋ ಕೆಲಸಗಾರರ ಹೆಸರು ಚರಿತ್ರೆಯಲ್ಲಿ ಉಳಿದಿರೋದು ಆ ಪಟ್ಟಿಯಿಂದ ಮಾತ್ರ. ನಮ್ಮನ್ನ ನಾವು ಬರೆದಿಡದಿದ್ದರೆ ಪೊಲೀಸರು ಬರೀತಾರೆ. ಅವರಿಗೆ ಬೇಕಾದ ಹಾಗೆ.

ಆದರೆ ಎಲ್ಲವೂ ಪೊಲೀಸರ ಕೈಲೇ ಉಳಿಯಲಿಲ್ಲ. ಹ್ಯಾಂಬರ್ಗ್‌ನಲ್ಲಿ ಮಾರ್ಟೆನ್ಸ್ ಅಂತ ಒಬ್ಬ ಬಡಗಿ ಇದ್ದ, ಕೂಟದ ಸದಸ್ಯ. 1847ರ ಜೂನ್ ಸಮ್ಮೇಳನದ ಕರಡು ನಿಯಮಾವಳಿ, ಸುತ್ತೋಲೆ, ಎಂಗೆಲ್ಸ್ ಕೈಬರಹದ ಪ್ರಶ್ನೋತ್ತರ ರೂಪದ ಕರಡು ಅವನ ಕಾಗದಗಳ ಜೊತೆ ಉಳಿದುಕೊಂಡಿದ್ದವು. ಆ ಸಮ್ಮೇಳನದಲ್ಲಿ ಏನೇನಾಯ್ತು ಅಂತ ಜಗತ್ತಿಗೆ ಸರಿಯಾಗಿ ತಿಳಿದದ್ದು 1968ರಲ್ಲಿ, ಹ್ಯಾಂಬರ್ಗ್‌ನ ಲೈಬ್ರರಿಯಲ್ಲಿ ಆ ಕಟ್ಟು ಬಿಚ್ಚಿದಾಗ. ನೂರಿಪ್ಪತ್ತೊಂದು ವರ್ಷ! ಒಬ್ಬ ಬಡಗಿ ಕಾಗದ ಎಸೆಯಲಿಲ್ಲ, ಅಷ್ಟೇ.

ನಮ್ಮ ಟೈಲರ್ ಅಣ್ಣನೂ ಎಸೆದಿರಲಿಲ್ಲ. ನಾವು ಹೋಗಿ ಕೇಳಲಿಲ್ಲ.

ಸಂಘಟನೆ ಅಂದ್ರೆ ಮೈಕು, ಬ್ಯಾನರು, ಫೇಸ್‌ಬುಕ್ ಲೈವು ಅಂದುಕೊಂಡಿರೋ ನನ್ನ ತಮ್ಮಂದಿರಿಗೆ, ತಂಗಿಯರಿಗೆ ಒಂದು ವಿನಂತಿ. ಈ ಭಾನುವಾರ ನಿಮ್ಮೂರಿನ ಹಳೇ ಕಾರ್ಯಕರ್ತರ ಮನೆಗೆ ಹೋಗಿ. ಪೆಟ್ಟಿಗೆ, ಅಟ್ಟ, ಟ್ರಂಕು ನೋಡಿ. ಅರ್ಜಿಯ ನಕಲು, ಕರಪತ್ರ, ವಂತಿಗೆ ರಸೀದಿ ಏನೇ ಸಿಕ್ಕಿದ್ರೂ ಫೋಟೋ ತೆಗೆದು ಮೂರು ಕಡೆ ಇಡಿ. ಅಮ್ಮಂದಿರನ್ನ, ಅತ್ತೆಯಂದಿರನ್ನ ಕೂರಿಸಿಕೊಂಡು ಕೇಳಿ. ಮೆರವಣಿಗೆಗೆ ಅನ್ನ ಬೇಯಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇರಲ್ಲ, ಅದನ್ನೂ ಬರ್ಕೊಳ್ಳಿ. ಹೊಸ ಸಂಘ ಕಟ್ಟಿದ್ರೆ ಮೊದಲ ವಂತಿಗೆ ದುಡ್ಡಲ್ಲಿ ಒಂದು ಗಟ್ಟಿ ರಟ್ಟಿನ ಪುಸ್ತಕ ತಗೊಳ್ಳಿ.

ನಾವು ಹೊಸದೊಂದು ತಗೊಂಡಿದ್ದೀವಿ. ಮೊದಲ ಪುಟದಲ್ಲಿ ಟೈಲರ್ ಅಣ್ಣನ ಹೆಸರು ಬರೆದಿದ್ದೀವಿ. ಅವತ್ತಿನ ಅರ್ಜಿಗೆ ಸಹಿ ಹಾಕಿದವರಲ್ಲಿ ಇನ್ನೂ ಹನ್ನೊಂದು ಜನ ಬದುಕಿದ್ದಾರೆ. ಆರು ಜನರ ಹೇಳಿಕೆ ಬರ್ಕೊಂಡು ಹೆಬ್ಬೆಟ್ಟು, ಸಹಿ ಹಾಕಿಸಿದ್ದಾಯ್ತು. ಉಳಿದ ಐವರದ್ದು ಈ ವಾರ. ಆಮೇಲೆ ಅದೇ ಕಚೇರಿಗೆ ಮತ್ತೆ ಹೋಗ್ತೀವಿ. ಈ ಸಲ ಇನ್‌ವರ್ಡ್ ನಂಬರ್ ಬರೆದುಕೊಂಡೇ ಬರ್ತೀವಿ.

ಜೈ ಭೀಮ್.